ಅಧ್ಯಯನ ಪ್ರದೇಶದ ಪರಿಚಯ

ಚನ್ನಗಿರಿ ಇಂದಿಗೂ ಶಿವಮೊಗ್ಗ ಜಿಲ್ಲೆಯಲ್ಲಿದೆ. ಹೊನ್ನಾಳಿಯೂ ಅಲ್ಲೇ. ಜಗಳೂರು ಚಿತ್ರದುರ್ಗ ಬಿಟ್ಟು ಕದಲಿಲ್ಲ. ನ್ಯಾಮತಿ ಎಂಬ ತಾಲ್ಲೂಕು ಇನ್ನೂ ಹುಟ್ಟಿಯೇ ಇಲ್ಲ. ನಂಬಿಕೆ ಬಾರದಿದ್ದರೆ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬನ್ನಿ. ಕೊನೆಯ ಬೀರುವಿನಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿಟ್ಟ ಕಿರುಪ್ರಬಂಧಗಳಿವೆ. ಯಾವುದನ್ನಾದರೂ ಎತ್ತಿಕೊಂಡು 'ಅಧ್ಯಾಯ ಎರಡು: ಅಧ್ಯಯನ ಪ್ರದೇಶದ ಪರಿಚಯ' ತೆರೆಯಿರಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು, ಆಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು ಎಂಬುದು ಊರಿಗೆಲ್ಲ ಗೊತ್ತು. ಅಧ್ಯಾಯ ಎರಡಕ್ಕೆ ಮಾತ್ರ ಗೊತ್ತಿಲ್ಲ. ಅದನ್ನು ಯಾರೂ ಬರೆಯುವುದಿಲ್ಲವಲ್ಲ, ಅದಕ್ಕೆ. ಹಳೇ ಗ್ಯಾಸೆಟಿಯರ್‌ನಿಂದ ಒಬ್ಬ ಪುಣ್ಯಾತ್ಮ ಇಳಿಸಿಕೊಂಡ, ಅವನಿಂದ ಅವನ ಕಿರಿಯರು, ಅವರಿಂದ ಝೆರಾಕ್ಸ್ ಅಂಗಡಿಯವನು. ಈಗ ಅದು ಅಂಗಡಿಯ ಕಂಪ್ಯೂಟರಿನಲ್ಲೇ ಇರುತ್ತದೆ. ತಾಲ್ಲೂಕಿನ ಹೆಸರು ಹೇಳಿದರೆ ಸಾಕು, ಅಕ್ಷಾಂಶ ರೇಖಾಂಶ ಸಮೇತ ಹೊರಗೆ ಬರುತ್ತದೆ. ಅಕ್ಷಾಂಶದ ಮಟ್ಟಿಗೆ ನಾವು ನಾಲ್ಕೂ ತಾಲ್ಲೂಕಿನವರು ಪುಣ್ಯವಂತರು. ತಾಲ್ಲೂಕು ಕೇಂದ್ರಗಳೆಲ್ಲ 14 ಮತ್ತು 15 ಡಿಗ್ರಿ ಉತ್ತರದ ನಡುವೆಯೇ ಇರುವುದರಿಂದ ಯಾರದು ಯಾರಿಗೆ ಹೋದರೂ ಭೂಗೋಳ ಕೆಡುವುದಿಲ್ಲ.

ಆ ಬೀರುವಿನ ಪಕ್ಕದ ಕೋಣೆಯಲ್ಲೇ ನಾವು 'ಮಾನವಶಾಸ್ತ್ರೀಯ ಬರವಣಿಗೆ' ಎಂಬ ಐಚ್ಛಿಕ ಪತ್ರಿಕೆ ಓದಿದ್ದು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ನಾಲ್ಕನೇ ವರ್ಷದ ಆಸೆ ತೋರಿಸಿತು, 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿತು. ಈ ಎಳೆದಾಟದಲ್ಲಿ ಎಷ್ಟೋ ಪತ್ರಿಕೆಗಳು ಹುಟ್ಟಿದವು, ಸತ್ತವು, ಕೆಲವು ಹೆಸರು ಬದಲಿಸಿಕೊಂಡು ಬದುಕಿದವು. ನಮ್ಮದು ಹಾಗೆ ಬದುಕಿಕೊಂಡದ್ದು. ವಿದ್ಯಾರ್ಥಿ ತನ್ನ ಆಸಕ್ತಿಯಂತೆ ಆರಿಸಿಕೊಳ್ಳಬಹುದು ಎಂದು ಫಾರಂನಲ್ಲಿತ್ತು. ಆಸಕ್ತಿಯಿಂದಲೇ ಆರಿಸಿಕೊಂಡೆವು. ಉಳಿದ ಪತ್ರಿಕೆಗಳ ತರಗತಿ ಸಂಜೆ ನಾಲ್ಕಕ್ಕೆ ಇತ್ತು, ಜಗಳೂರಿನ ಬಸ್ಸು ಮೂರೂವರೆಗೆ ಬಿಡುತ್ತಿತ್ತು.

ಪಾಠಕ್ಕೆ ಬಂದವರು ಅತಿಥಿ ಉಪನ್ಯಾಸಕರು. ಓದಿದ್ದು ಇತಿಹಾಸ. ಕಾರ್ಯಭಾರಕ್ಕೆ ಕೆಲವು ಗಂಟೆ ಕಡಿಮೆ ಬಿದ್ದಿತ್ತು, ಮಾನವಶಾಸ್ತ್ರ ಹಾಕಿ ಸರಿದೂಗಿಸಿದರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಇಂಥ ಅತಿಥಿಗಳ ಹೆಗಲ ಮೇಲೆ ನಡೆಯುತ್ತಿವೆ. ಮನೆಯವರು ಯಾರು ಎಂದು ಮಾತ್ರ ಕೇಳಬೇಡಿ. ನಮ್ಮ ಮೇಷ್ಟ್ರಿಗೆ ಬೆಳಗ್ಗೆ ಒಂದು ತಾಲ್ಲೂಕು, ಮಧ್ಯಾಹ್ನ ಇನ್ನೊಂದು. ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ ಕೂಡ ಇಷ್ಟು ದ್ವೀಪ ಸುತ್ತಿರಲಿಕ್ಕಿಲ್ಲ. ಆದರೆ ಓದಿಕೊಂಡು ಬರುತ್ತಿದ್ದರು, ಬಸ್ಸಿನಲ್ಲೇ. ಸೀಟು ಸಿಕ್ಕಿದ ದಿನ ಪಾಠ ಚೆನ್ನಾಗಿರುತ್ತಿತ್ತು.

ಮಲಿನೋವ್ಸ್ಕಿಯಿಂದಲೇ ಶುರುವಾಯಿತು. ಪೋಲೆಂಡಿನಲ್ಲಿ ಹುಟ್ಟಿದ ಈತ ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಗುಡಾರ ಹಾಕಿಕೊಂಡು ಜನರ ನಡುವೆ ಬದುಕಿದ. 1922ರಲ್ಲಿ ಪುಸ್ತಕ ಬಂತು. ಅಲ್ಲಿಯ ಜನ ಚಿಪ್ಪಿನ ಹಾರಗಳನ್ನು ಒಂದು ದಿಕ್ಕಿನಲ್ಲಿ, ಚಿಪ್ಪಿನ ತೋಳಬಂದಿಗಳನ್ನು ಎದುರು ದಿಕ್ಕಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಕೊಡುತ್ತಾ ಹೋಗುತ್ತಾರೆ. ಬಂದದ್ದನ್ನು ಯಾರೂ ಬಹಳ ದಿನ ಇಟ್ಟುಕೊಳ್ಳುವಂತಿಲ್ಲ, ಮುಂದಕ್ಕೆ ದಾಟಿಸಲೇಬೇಕು. ಜಗತ್ತೇ ಬೆರಗಾದ ಈ ಪದ್ಧತಿಯನ್ನು ಮನೆಯಲ್ಲಿ ಅಮ್ಮನಿಗೆ ವಿವರಿಸಿದೆ. ಅಮ್ಮ ಅಟ್ಟದ ಮೇಲಿನ ಗೋಡೆ ಗಡಿಯಾರಗಳ ಕಡೆ ಕೈ ತೋರಿಸಿದರು. ಅಕ್ಕನ ಮದುವೆಗೆ ಬಂದವು. ಕಾಗದ ಬಿಚ್ಚಿಲ್ಲ. ಒಂದರ ಮೇಲೆ ನಾವೇ ಬೇರೊಬ್ಬರ ಮದುವೆಗೆ ಬರೆದುಕೊಟ್ಟಿದ್ದ ಹೆಸರು ಇನ್ನೂ ಹಾಗೇ ಇತ್ತು. ಯಾರು ಯಾರಿಗೆ ಎಷ್ಟು ಮುಯ್ಯಿ ಮಾಡಿದರು ಎಂಬ ಪುಸ್ತಕವೂ ನಮ್ಮಲ್ಲಿದೆ. ಅದನ್ನು ಬರೆದ ಮಾವನಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿಲ್ಲ.

ಆ ದ್ವೀಪದ ಜನ ಅಡಿಕೆ ಜಗಿಯುತ್ತಾರೆ ಎಂಬುದನ್ನೂ ಹೇಳಿದೆ. ಅಜ್ಜ ಓದುತ್ತಿದ್ದ ಪೇಪರು ಕೆಳಗಿಟ್ಟರು.

"ಹಸಿ ಅಡಿಕೆನೋ, ಬೇಯಿಸಿದ್ದೋ?"

"ಗೊತ್ತಿಲ್ಲಜ್ಜ."

"ರೇಟು?"

"ಅದೂ ಗೊತ್ತಿಲ್ಲ."

"ವರ್ಷಗಟ್ಟಲೆ ಅಲ್ಲೇ ಕುಂತಿದ್ದ ಮನುಷ್ಯ ಅದನ್ನೇ ಬರ್ಕಂಡಿಲ್ಲ ಅಂದ್ರೆ ಇನ್ನೇನ್ ಬರ್ಕಂಡಾನವ್ವ?"

ಬರೆದುಕೊಂಡದ್ದು ಬೇರೆಯೂ ಇತ್ತು. ಆತ ಸತ್ತ ಮೇಲೆ, 1967ರಲ್ಲಿ, ಖಾಸಗಿ ದಿನಚರಿ ಅಚ್ಚಾಯಿತು. ಅಚ್ಚು ಹಾಕಿಸಿದ್ದು ಹೆಂಡತಿಯೇ. ಜನರ ಜೊತೆ ಬೆರೆತು ಅವರ ಕಣ್ಣಿನಿಂದ ಲೋಕ ನೋಡಬೇಕು ಎಂದು ಲೋಕಕ್ಕೆ ಕಲಿಸಿದವನು ಅದೇ ಜನರ ಮೇಲೆ ಪುಟಗಟ್ಟಲೆ ಸಿಡುಕಿದ್ದು ಎಲ್ಲರಿಗೂ ಗೊತ್ತಾಯಿತು. ಪಂಡಿತರು ಕಂಗಾಲಾದರಂತೆ. ನಾವು ಆಗಲಿಲ್ಲ. ಮೇಷ್ಟ್ರಿಗೆ ತೋರಿಸುವ ಪುಸ್ತಕ ಬೇರೆ, ಕೊನೆಯ ಬೆಂಚಿನಲ್ಲಿ ಬರೆಯುವ ಪುಸ್ತಕ ಬೇರೆ ಎಂಬುದನ್ನು ನಾವು ಹೈಸ್ಕೂಲಿನಲ್ಲೇ ಮುಗಿಸಿ ಬಂದಿದ್ದೆವು.

ಮುಂದೆ ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೂತು ಕಂಡದ್ದು ಕೇಳಿದ್ದೆಲ್ಲ ಬರೆದುಕೊಂಡರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಆ ಬೆಂಕಿಗೆ ಹೋದವು. ಎದೆಗುಂದದೆ ನೆನಪಿನಿಂದಲೇ ಬರೆದರು. 1976ರಲ್ಲಿ ಬಂದ ಆ ಪುಸ್ತಕವನ್ನು ಇವತ್ತಿಗೂ ಜಗತ್ತು ಓದುತ್ತದೆ. ಮೇಷ್ಟ್ರು ಗದ್ಗದಿತರಾಗಿ ಇದನ್ನು ಹೇಳಿ ಮುಗಿಸುತ್ತಿದ್ದಂತೆ ಹೊನ್ನಾಳಿಯವನು ಎದ್ದು ನಿಂತ.

"ಹಂಗಾದ್ರೆ ಸಾರ್, ಫೀಲ್ಡ್ ನೋಟ್‌ಬುಕ್ಕಿಗೆ ಇಟ್ಟಿರೋ ಇಂಟರ್ನಲ್ ಮಾರ್ಕ್ಸು?"

"ಸುಟ್ಟು ಹೋಗ್ಬೇಕಾದ್ರೂ ಮೊದ್ಲು ಬರೆದಿರ್ಬೇಕಪ್ಪ," ಎಂದರು ಮೇಷ್ಟ್ರು.

ಶ್ರೀನಿವಾಸರು ತಮ್ಮ ಹಳ್ಳಿಯನ್ನು ರಾಂಪುರ ಎಂದು ಕರೆದರು, ನಿಜವಾದ ಹೆಸರು ಕೊಡಗಹಳ್ಳಿ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಕಡೆಯ ಎರಡು ಹಳ್ಳಿಗಳಿಗೆ ವಂಗಲ, ದಲೇನ ಎಂದು ಹೆಸರಿಟ್ಟರು. ಜನರ ಗುಟ್ಟು ಕಾಪಾಡಲು ಇದು ಶಾಸ್ತ್ರದ ನಿಯಮ, ನೀವೂ ನಿಮ್ಮೂರಿನ ಹೆಸರು ಬದಲಿಸಿ ಎಂದು ಅಪ್ಪಣೆಯಾಯಿತು. ನಾನು ವಿಧೇಯಳಾಗಿ ಬರೆದೆ: 'ಏಷ್ಯಾದಲ್ಲೇ ಎರಡನೇ ದೊಡ್ಡದೆಂದು ಜನ ಹೇಳಿಕೊಳ್ಳುವ ಕೆರೆಯ ದಂಡೆಯಲ್ಲಿರುವ ಗ್ರಾಮ-ಅ.' ಸೂಳೆಕೆರೆಯನ್ನು ಗುರುತಿಸದೆ ಇರಲು ಓದುಗ ಟ್ರೋಬ್ರಿಯಾಂಡಿನವನೇ ಆಗಿರಬೇಕು. ನ್ಯಾಮತಿಯ ಗೆಳೆಯ ಬರೆದದ್ದು ಇನ್ನೂ ಚೆನ್ನಾಗಿತ್ತು: 'ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಜನಿಸಿದ, ಹೆಸರು ಬಹಿರಂಗಪಡಿಸಲಾಗದ ಗ್ರಾಮ.' ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರುವರಿಯಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದ ಜನಸಾಗರ ಬರುತ್ತದೆ. ಗುಟ್ಟು ಗುಟ್ಟಾಗಿಯೇ ಉಳಿಯಿತು.

ಆದರೆ ಊರಿನವರಿಗೆ ಈ ಉಪಕಾರ ಬೇಕಿರಲಿಲ್ಲ. ಹೆಸರು ಹಾಕುವುದಿಲ್ಲ ಎಂದು ಗೊತ್ತಾದ ಕೂಡಲೇ ಅರ್ಧ ಮಂದಿ ಬಾಯಿ ಮುಚ್ಚಿದರು. "ಫೋಟೋನೂ ಹಾಕಲ್ವಾ? ಮತ್ತೆ ಯಾಕ್ ಹೇಳ್ಬೇಕು ನಾನು?" ಎಂದರು ಒಬ್ಬ ಹಿರಿಯರು. ಇನ್ನೊಬ್ಬರು ಹೆಸರು, ಮೊಬೈಲ್ ನಂಬರು, ಆಧಾರ್ ಕಾರ್ಡಿನ ಝೆರಾಕ್ಸ್ ಮೂರನ್ನೂ ಕೊಟ್ಟರು. ನಾನು ಹೊಸಿಲು ದಾಟುವಾಗ ಕೇಳಿದರು, "ಎಷ್ಟು ದಿನಕ್ಕೆ ಸ್ಯಾಂಕ್ಷನ್ ಆಗುತ್ತೆ?"

ಹೊನ್ನಾಳಿಯವನ ವಿಷಯ ಹೋರಿ ಹಬ್ಬ. ಅವನಿಗೆ ಈ ಹುಚ್ಚು ಹಿಡಿಸಿದ್ದು ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್. ಗೀರ್ಟ್ಸ್ ಮತ್ತು ಹೆಂಡತಿ 1958ರಲ್ಲಿ ಬಾಲಿ ದ್ವೀಪದ ಹಳ್ಳಿಯೊಂದಕ್ಕೆ ಹೋದಾಗ ಯಾರೂ ಇವರ ಕಡೆ ತಿರುಗಿಯೂ ನೋಡಲಿಲ್ಲ. ಕದ್ದುಮುಚ್ಚಿ ನಡೆಯುತ್ತಿದ್ದ ಕೋಳಿ ಅಂಕಕ್ಕೆ ಪೊಲೀಸರು ನುಗ್ಗಿದರು, ಇವರೂ ಊರವರ ಜೊತೆ ಕಾಲಿಗೆ ಬುದ್ಧಿ ಹೇಳಿದರು. ಅವತ್ತಿನಿಂದ ಊರವರಿಗೆ ಇವರು ಬೇಕಾದವರಾದರು. ಓಡಿ ಖ್ಯಾತರಾದ ಪಂಡಿತರು ಬಹಳವಿಲ್ಲ. ಆ ಕೋಳಿ ಅಂಕದ ಮೇಲೆ ಬರೆದ ಪ್ರಬಂಧದಲ್ಲಿ ಅವರು ಹೇಳಿದ್ದು, ಅಲ್ಲಿ ಕಾದಾಡುವುದು ಮೇಲ್ನೋಟಕ್ಕಷ್ಟೇ ಹುಂಜಗಳು, ನಿಜವಾಗಿ ಕಾದಾಡುವುದು ಗಂಡಸರು ಎಂದು. ನಮ್ಮವನಿಗೆ ಇಷ್ಟು ಸಾಕಾಯಿತು. ದೀಪಾವಳಿ ಮುಗಿಯುವುದನ್ನೇ ಕಾಯುತ್ತಿದ್ದ.

ಹೋರಿ ಬೆದರಿಸುವ ಆಟ ನೋಡದವರಿಗೆ ಒಂದು ಮಾತು. ವರ್ಷಪೂರ್ತಿ ಮೇಯಿಸಿದ ಹೋರಿಗೆ ಜೂಲ, ಬಲೂನು, ಕೊರಳ ತುಂಬ ಕೊಬ್ಬರಿ ಹಾರ. ಅಖಾಡದ ಎರಡೂ ಬದಿ ಜನ. ಬಿಟ್ಟರೆ ಬಾಣ. ಓಡುವ ಹೋರಿಯ ಕೊರಳಿನಿಂದ ಕೊಬ್ಬರಿ ಹರಿದವನು ಗಂಡಸು, ಹರಿಯಲು ಕೊಡದೆ ಗೆರೆ ದಾಟಿದ್ದು ಹೋರಿ. ಗೆದ್ದರೆ ಬೈಕು, ಬಂಗಾರ, ಫ್ರಿಜ್ಜು. ಹೋರಿಗೆ ಸಿನಿಮಾ ನಟನಿಗಿರುವಂತೆ ಬಿರುದು, ಅಭಿಮಾನಿಗಳ ಬಳಗ, ಬಳಗಕ್ಕೆ ಒಂದೇ ಬಣ್ಣದ ಟೀ ಶರ್ಟು, ಹೋರಿಯ ಮೇಲೆ ಕಟ್ಟಿಸಿದ ಹಾಡು. ಇಷ್ಟೆಲ್ಲದರ ನಡುವೆ ನಮ್ಮವನು ನೋಟ್‌ಬುಕ್ ಹಿಡಿದು ಹೋರಿಯ ಯಜಮಾನರನ್ನು ಕೇಳಿದ, "ಈ ಆಟದ ಸಾಂಕೇತಿಕ ಅರ್ಥ ಏನು ಯಜಮಾನ್ರೆ?"

"ಹೋರಿ ಓಡತೈತಿ. ಮಂದಿ ಬೀಳತಾರ."

"ಅದಲ್ಲ, ಅದರ ಹಿಂದೆ..."

"ಹಿಂದ ನಿಲ್ಲಬ್ಯಾಡ, ಒದಿತೈತಿ."

ಇದಕ್ಕಿಂತ ದಟ್ಟವಾದ ವಿವರಣೆಯನ್ನು ಗೀರ್ಟ್ಸ್ ಕೂಡ ಕೊಟ್ಟಿಲ್ಲ. ತಮಾಷೆ ಅಲ್ಲಿಗೆ ಮುಗಿಯಲಿಲ್ಲ. ಇವನು ಬರೆದುಕೊಳ್ಳುತ್ತಿದ್ದರೆ ಯಜಮಾನರ ಮಗ ಮೊಬೈಲಿನಲ್ಲಿ ಇವನನ್ನು ಹಿಡಿಯುತ್ತಿದ್ದ. ಸಂಜೆಯೊಳಗೆ ಯೂಟ್ಯೂಬಿನಲ್ಲಿ ಬಂತು: 'ನಮ್ಮ ಹೋರಿ ಬಗ್ಗೆ ರಿಸರ್ಚ್ ಮಾಡಲು ಬಂದ ಕಾಲೇಜ್ ಹುಡುಗ.' ಹಿನ್ನೆಲೆಯಲ್ಲಿ ಹೋರಿಯ ಹಾಡು, ಕೆಳಗೆ ಪ್ರಶ್ನೆಗೆ ಒಂದೊಂದು ನಗುವ ಗೊಂಬೆ. ಅವನ ಪ್ರಬಂಧವನ್ನು ಓದುವವರು ಒಳಗಿನ ಪರೀಕ್ಷಕರು, ಹೊರಗಿನ ಪರೀಕ್ಷಕರು, ಇಬ್ಬರೇ. ಅದೂ ಹೊರಗಿನವರ ಬಗ್ಗೆ ಖಾತ್ರಿಯಿಲ್ಲ. ವಿಡಿಯೋ ನೋಡಿದವರು ಹೋರಿ ಓಡುವ ತಾಲ್ಲೂಕುಗಳ ತುಂಬ. ಈಗಲೂ ಅವನು ಶಿಕಾರಿಪುರದ ಕಡೆ ಹೋದರೆ ಟೀ ಅಂಗಡಿಯಲ್ಲಿ ಗುರುತು ಹಿಡಿದು ಸಾಂಕೇತಿಕ ಅರ್ಥ ಏನೆಂದು ಕೇಳುತ್ತಾರೆ.

ನ್ಯಾಮತಿಯ ಲಂಬಾಣಿ ತಾಂಡಾಕ್ಕೆ ನಾವೆಲ್ಲ ಒಟ್ಟಿಗೆ ಹೋದೆವು. ಗೆಳೆಯ ಅಲ್ಲಿಯವನೇ. ನೀನು ಒಳಗಿನವನು, ಅದೃಷ್ಟವಂತ, ಆದರೆ ಬರೆಯುವಾಗ ಹೊರಗಿನವನಂತೆ ಬರಿ ಎಂದು ಮೇಷ್ಟ್ರು ಅವನಿಗೆ ಹೇಳಿದ್ದರು. ಹೀಗಾಗಿ ಅವನು ಹುಟ್ಟಿದ ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರಬಹುದೇ ಎಂದು ಕೇಳಿದ. ಅವರಜ್ಜಿ ಗೋರಬೋಲಿಯಲ್ಲಿ ಉದ್ದಕ್ಕೆ ಏನೋ ಅಂದರು. ಅವನು "ಬನ್ನಿ ಅಂತಾರೆ" ಎಂದು ಕನ್ನಡಕ್ಕೆ ತಂದ. ಅಷ್ಟು ಉದ್ದದ ಮಾತು ಇಷ್ಟು ಚಿಕ್ಕ ಕನ್ನಡಕ್ಕೆ ಇಳಿದಾಗಲೇ ನಮಗೆ ಅನುಮಾನ ಬರಬೇಕಿತ್ತು. ನಮ್ಮಲ್ಲೊಬ್ಬಳು, ಹೆಸರು ಬೇಡ, ಅಜ್ಜಿಗೆ ಫೇಟಿಯಾ ಕಾಂಚಳಿ ಹಾಕಿಕೊಂಡು ಬಂದರೆ ಫೋಟೊ ಚೆನ್ನಾಗಿರುತ್ತೆ ಎಂದಳು. ಕಿರುಪ್ರಬಂಧದ ಕೊನೆಯಲ್ಲಿ ಛಾಯಾಚಿತ್ರಗಳಿಗೆ ಜಾಗ ಇರುತ್ತದಲ್ಲ. ಅಜ್ಜಿ ಈ ಸಲ ಅನುವಾದಕನನ್ನು ನೆಚ್ಚಲಿಲ್ಲ. ಅಚ್ಚ ಕನ್ನಡದಲ್ಲೇ ಕೇಳಿದರು, "ನಿಮ್ಮಜ್ಜಿ ಕಚ್ಚೆ ಹಾಕಿ ಉಡ್ತಿದ್ದ ಸೀರೆ ನೀನ್ಯಾಕವ್ವ ಉಟ್ಕೊಂಡ್ ಬಂದಿಲ್ಲ?" ಅವಳು ಹಾಕಿದ್ದು ಜೀನ್ಸು. ಅಜ್ಜಿ ಉಟ್ಟಿದ್ದು ದಾವಣಗೆರೆಯಲ್ಲಿ ತಂದ ನೈಲಾನ್ ಸೀರೆ. ಸಂಸ್ಕೃತಿಯನ್ನು ಕಾಪಾಡುವ ಕೆಲಸ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಯಾಕೆ ಬಿತ್ತು ಎಂಬುದಕ್ಕೆ ನಮ್ಮ ಪಠ್ಯದಲ್ಲಿ ಉತ್ತರವಿರಲಿಲ್ಲ. ಫೋಟೊ ತೆಗೆದದ್ದೂ ಕೊನೆಗೆ ಅಜ್ಜಿಯೇ. ನಮ್ಮದು. ಮೊಮ್ಮಗನ ಗೆಳೆಯರೆಂದು ಮನೆಯವರಿಗೆ ತೋರಿಸಲು.

ಹಿಂದಿನವರಿಗಿಂತ ನಾವು ವಾಸಿ ಅನ್ನಿ. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಸಾಹೇಬರು ಜನರ ಮೂಗು, ತಲೆಬುರುಡೆ ಅಳೆಯುತ್ತಾ ತಿರುಗಿ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದರು. ನಾವು ಮೂಗು ಅಳೆಯಲಿಲ್ಲ, ತೂರಿಸಿದೆವು ಅಷ್ಟೆ.

ಜಗಳೂರಿನ ವಿಷಯಕ್ಕೆ ಬರಬೇಕು. ಅಲ್ಲಿಯ ಗೆಳತಿ ಎಲ್ಲರಿಗಿಂತ ಜಾಣೆ, ಅವಳಿಗೆ ಎಲ್ಲರಿಗಿಂತ ಕಷ್ಟದ ಕ್ಷೇತ್ರ. ಜಗಳೂರು ಇಲ್ಲದ ಪಟ್ಟಿ ಯಾವುದು? ಬರದ ಪಟ್ಟಿ, ಕೊಳವೆಬಾವಿ ಬತ್ತಿದ ಪಟ್ಟಿ, ಕೆರೆ ತುಂಬಿಸುವ ಪಟ್ಟಿ, ಭದ್ರಾ ಮೇಲ್ದಂಡೆಯ ನೀರಿಗೆ ಕಾಯುವವರ ಪಟ್ಟಿ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದ, ಅತಿ ಹಿಂದುಳಿದ, ಬರೀ ಹಿಂದುಳಿದ ಎಂದು ಮೂರು ದರ್ಜೆ ಮಾಡಿ 39, 40, 35 ಎಂದು ಹಂಚಿತು. ಹಿಂದುಳಿಯುವುದರಲ್ಲೂ ರ‍್ಯಾಂಕು ಕೊಟ್ಟ ನಾಡು ನಮ್ಮದು. ಮೊನ್ನೆ ಮೊನ್ನೆ, 2025ರ ಸೆಪ್ಟೆಂಬರ್ 22ರಿಂದ, ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು. 60 ಪ್ರಶ್ನೆ. ಶಾಲೆ ಮೇಷ್ಟ್ರುಗಳು ಮೊಬೈಲು ಹಿಡಿದು ಮನೆಮನೆ ಹತ್ತಿ ಇಳಿದರು. 2015ರಲ್ಲೂ ಒಮ್ಮೆ ಹೀಗೇ ಆಗಿತ್ತು. ವರದಿ ಸರ್ಕಾರದ ಕೈ ಸೇರುವ ಹೊತ್ತಿಗೆ 2024 ಬಂತು, ಆಮೇಲೆ ಹಳತಾಯಿತು ಎಂದು ಮತ್ತೆ ಎಣಿಸಿದರು. ಇಂಥ ಊರಿಗೆ ಗೆಳತಿ ತನ್ನ ಪ್ರಶ್ನಾವಳಿ ಹಿಡಿದು ಹೋದಾಗ ಕಟ್ಟೆಯ ಮೇಲಿದ್ದವರು ಪ್ರಶ್ನೆ ಕೇಳಿಸಿಕೊಳ್ಳುವ ಮೊದಲೇ ಕೇಳಿದರು: "ಇದು ಯಾವ ಲಿಸ್ಟಿಗವ್ವ?"

ಈ ಪ್ರಶ್ನೆಯನ್ನು ಉಡಾಫೆ ಎಂದುಕೊಳ್ಳಬೇಡಿ. ನಮ್ಮ ವಿಧಾನಶಾಸ್ತ್ರದ ಪತ್ರಿಕೆ ಪೂರ್ತಿ ಇದರಲ್ಲಿದೆ. ಅವಳ ದೊಡ್ಡಪ್ಪನನ್ನೇ ತೆಗೆದುಕೊಳ್ಳಿ. ಬೆಳೆ ವಿಮೆಯವರು ಬಂದರೆ ಅವರ ಹೊಲದಲ್ಲಿ ಮೆಕ್ಕೆಜೋಳ ಪೂರ್ತಿ ಒಣಗಿರುತ್ತದೆ. ಸೊಸೈಟಿ ಸಾಲದವರು ಬಂದರೆ ಅದೇ ಹೊಲದಲ್ಲಿ ತೆನೆ ತೂಗುತ್ತಿರುತ್ತದೆ. ರೇಷನ್ ಕಾರ್ಡಿನವರು ಬಂದ ದಿನ ಬೈಕು ತಮ್ಮನದು, ಹೆಣ್ಣು ಕೊಡುವವರು ಬಂದ ದಿನ ತಮ್ಮನ ಬೈಕೂ ಇವರದು. ಕೊಳವೆಬಾವಿಯಲ್ಲಿ ಎಷ್ಟು ಇಂಚು ನೀರಿದೆ ಎಂಬುದು ಎದುರಿಗೆ ಕೂತವರನ್ನು ನೋಡಿಕೊಂಡು ಏರಿಳಿಯುತ್ತದೆ. ಅವರು ಸುಳ್ಳುಗಾರರಲ್ಲ. ಜೀವಮಾನದಲ್ಲಿ ಇಷ್ಟು ಫಾರಂ ತುಂಬಿದ ಮನುಷ್ಯನಿಗೆ ಯಾವ ಫಾರಂ ಯಾವ ಉತ್ತರ ಬಯಸುತ್ತದೆ ಎಂಬುದು ಬರೆದವನಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಗೆಳತಿಯ ಫಾರಂ ಏನು ಬಯಸುತ್ತದೆ ಎಂದು ಮಾತ್ರ ತಿಳಿಯಲಿಲ್ಲ. ಅದಕ್ಕೇ ಹೌದು ಎಂಬಲ್ಲೂ ಇಲ್ಲ ಎಂಬಲ್ಲೂ ಟಿಕ್ ಹಾಕಿಸಿ, ಕಾಫಿ ಕುಡಿಸಿ ಕಳಿಸಿದರು.

ಅವಳು ಪ್ರಬಂಧಕ್ಕೆ ಆರಿಸಿಕೊಂಡದ್ದು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು ಮಾಡಿಸುವ ಕುಲಶಾಸ್ತ್ರೀಯ ಅಧ್ಯಯನಗಳನ್ನೇ. ಒಂದು ಸಮುದಾಯ ಪರಿಶಿಷ್ಟ ಪಂಗಡಕ್ಕೆ ಸೇರಬೇಕಾದರೆ ಯಾವ ಲಕ್ಷಣ ಇರಬೇಕು ಎಂದು 1965ರಲ್ಲಿ ಲೋಕೂರ್ ಸಮಿತಿ ಐದು ಅಂಶ ಹೇಳಿತು. ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ದೂರ ಇರುವುದು, ಹೊರಗಿನವರ ಜೊತೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಅರವತ್ತು ವರ್ಷ ಕಳೆದರೂ ದೆಹಲಿಯ ಕಡತ ತೂಗುವುದು ಈ ತಕ್ಕಡಿಯಲ್ಲೇ. ಸಂಕೋಚವನ್ನು ಸಾಬೀತು ಮಾಡುವುದು ಹೇಗೆ? ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಸಮಾವೇಶ ಮಾಡಿ, ಲೌಡ್ ಸ್ಪೀಕರ್ ಹಾಕಿ, ಫ್ಲೆಕ್ಸ್ ಕಟ್ಟಿ, ನಾವು ಜನರೊಂದಿಗೆ ಬೆರೆಯಲು ನಾಚುವವರು ಎಂದು ಲಕ್ಷ ಜನರ ಎದುರು ಕೂಗಿ ಹೇಳುವುದು. ಅವರನ್ನು ನೋಡಿ ನಕ್ಕು ಫಲವಿಲ್ಲ. ಕೂಗದಿದ್ದರೆ ಕೇಳದ ಸರ್ಕಾರವೇ ಸಂಕೋಚಕ್ಕೂ ಅಂಕ ಇಟ್ಟಿರುವಾಗ ಅವರೇನು ಮಾಡಬೇಕು? ಗೆಳತಿ ತನ್ನ ಪ್ರಬಂಧದಲ್ಲಿ ಒಂದು ವಾಕ್ಯ ಸೇರಿಸಿದ್ದಳು: ಜಗಳೂರು ತಾಲ್ಲೂಕಿನಲ್ಲಿ ಭೌಗೋಳಿಕ ಏಕಾಂತ ಮತ್ತು ಸಂಕೋಚದ ಮಾನದಂಡವನ್ನು ಪೂರ್ಣವಾಗಿ ಪೂರೈಸುವುದು ರಂಗಯ್ಯನದುರ್ಗದ ಕೊಂಡುಕುರಿ ಮಾತ್ರ, ಅದಕ್ಕೆ 2011ರಲ್ಲೇ ಅಭಯಾರಣ್ಯ ಸಿಕ್ಕಿದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ ಚೆನ್ನಾಗಿದೆ ಎಂದು ಬರೆದರು.

ನನ್ನ ಪಾಲಿಗೆ ಬಂದದ್ದು ಮನೆ. ಅಡಿಕೆ ಬೆಳೆಗಾರ ಕುಟುಂಬದ ಆರ್ಥಿಕತೆ. ಚನ್ನಗಿರಿಯವಳಿಗೆ ಇನ್ನೇನು ಕೊಡುತ್ತಾರೆ? ಸುಲಭ ಎಂದುಕೊಂಡವರಿಗೆ ಚನ್ನಗಿರಿ ಗೊತ್ತಿಲ್ಲ. ನಮ್ಮ ಕಡೆ ಜನ ಏನು ಬೇಕಾದರೂ ಹೇಳುತ್ತಾರೆ. ಜಾತಿ, ಕುಲದೇವರು, ಪಾಲಾದಾಗ ಅಣ್ಣ ತಮ್ಮಂದಿರು ಹೊಡೆದಾಡಿದ್ದು, ಯಾವ ದೆವ್ವ ಯಾವ ಸೊಸೆಗೆ ಹಿಡಿದಿತ್ತು, ಸೂಳೆಕೆರೆಯನ್ನು ಕಟ್ಟಿಸಿದ ಶಾಂತವ್ವನ ಕಥೆ, ಹೊದಿಗೆರೆಯಲ್ಲಿ ಮಣ್ಣಾದ ಶಹಾಜಿಯ ಕಥೆ, ಎಲ್ಲ. ಒಂದೇ ಒಂದು ಸಂಗತಿ ಹೇಳುವುದಿಲ್ಲ: ಈ ವರ್ಷ ಎಷ್ಟು ಕ್ವಿಂಟಲ್ ಆಯಿತು. ಅದನ್ನು ಹೆಂಡತಿಗೆ ಹೇಳುವುದಿಲ್ಲ, ದೇವರಿಗೆ ಹರಕೆ ಕಟ್ಟುವಾಗಲೂ ಸ್ವಲ್ಪ ಕಡಿಮೆಯೇ ಹೇಳುತ್ತಾರೆ. ಅಜ್ಜನ ಎದುರು ಪೆನ್ನು ತೆಗೆದು ಕೂತೆ. ಮೂರು ತಲೆಮಾರಿನ ವಂಶವೃಕ್ಷ ಬರೆಸಿದರು. ತಮ್ಮ ಅಪ್ಪ ಸತ್ತಾಗ ಯಾರು ಅಳಲಿಲ್ಲ ಎಂಬುದನ್ನೂ ಬರೆಸಿದರು. ಹದಿನೆಂಟನೇ ಪ್ರಶ್ನೆಗೆ ಬಂದಾಗ ಎದ್ದು ಕಿಟಕಿಯ ಹತ್ತಿರ ಹೋದರು.

"ಎಲ್ಲಿಯ ಕ್ವಿಂಟಲ್ ಮಗಾ. ಹರಳೆಲ್ಲ ಉದುರಿಹೋಯ್ತು. ಹೇಳ್ಕೊಳ್ಳೋ ಹಂಗಿಲ್ಲ."

ಅದೇ ವಾರ ತೋಟದ ಫಸಲು ಗುತ್ತಿಗೆ ಹಿಡಿಯುವ ಖೇಣಿಯವನು ಬಂದ. ಕೈಯಲ್ಲಿ ಕಾಗದವಿಲ್ಲ. ಬೀಡಿ ಸೇದುತ್ತಾ ಒಂದು ಸಲ ತೋಟದ ಒಳಗೆ ಹೋಗಿ ಬಂದ, ನಾಲ್ಕಾರು ಮರದ ಗೊನೆ ತಲೆಯೆತ್ತಿ ನೋಡಿದ, ಅಜ್ಜನ ಮುಖ ಒಮ್ಮೆ ನೋಡಿದ, ಒಂದು ಲೆಕ್ಕ ಹೇಳಿದ. ಅಜ್ಜ ಬೆಚ್ಚಿದ್ದು ನೋಡಿದರೆ ಲೆಕ್ಕ ಸರಿಯಿತ್ತು. ಮಾಹಿತಿದಾರನನ್ನು ಕೇಳಬಾರದು, ನೋಡಬೇಕು ಎಂದು ಮೇಷ್ಟ್ರು ತಿಂಗಳುಗಟ್ಟಲೆ ಹೇಳಿದ್ದನ್ನು ಅವನು ಬೀಡಿ ಆರುವುದರೊಳಗೆ ಮುಗಿಸಿ ಅಡ್ವಾನ್ಸ್ ಕೊಟ್ಟು ಹೋದ. ಪ್ರಬಂಧದಲ್ಲಿ ನಾನು ಬರೆದದ್ದು ಅಜ್ಜ ಹೇಳಿದ್ದನ್ನೇ. ಆಕರವಿಲ್ಲದ ಮಾತಿಗೆ ಅಂಕವಿಲ್ಲ, ಬೀಡಿ ಆಕರವಲ್ಲ.

ಬರೆಯುವ ಭಾಷೆಯನ್ನೂ ಕಲಿತೆವು. ಅಜ್ಜ 'ಮಾಹಿತಿದಾರ-7, ಪುರುಷ, ಕೃಷಿಕ' ಆದರು. ಅವರು ಕಿಟಕಿಯ ಹತ್ತಿರ ಹೋದದ್ದು 'ಉತ್ತರಿಸಲು ನಿರಾಸಕ್ತಿ ಕಂಡುಬಂದಿತು' ಆಯಿತು. ನಾವು ಎಲ್ಲಿಗೂ ಹೋಗಲಿಲ್ಲ, 'ಭೇಟಿ ನೀಡಲಾಯಿತು'. ತಾಂಡಾದ ಅಜ್ಜಿ ನಮ್ಮನ್ನು ಮಾತಿನಲ್ಲಿ ಮಲಗಿಸಿದ್ದು 'ಸಾಂಪ್ರದಾಯಿಕ ಉಡುಪಿನ ಬಳಕೆ ಕ್ಷೀಣಿಸುತ್ತಿರುವುದು ಗಮನಾರ್ಹ' ಎಂದು ಮುದ್ರಣವಾಯಿತು. ಯಾರೂ ಏನೂ ಮಾಡದ, ಎಲ್ಲವೂ ತಾನಾಗಿ ಕಂಡುಬರುವ ಒಂದು ಲೋಕ. ಪ್ರತಿಯನ್ನು ಮನೆಗೆ ತಂದು ಓದಿದಾಗ ಅಜ್ಜ ಗಮನವಿಟ್ಟು ಕೇಳಿ ಹೇಳಿದರು, "ಪಾಪ, ಯಾರೋ ಬಡವರ ಮನೆ ಕಥೆ."

ಕೊನೆಯ ನಿಯೋಜನೆ ನಮ್ಮಿಷ್ಟಕ್ಕೆ ಬಿಟ್ಟಿದ್ದು. ಅಮೆರಿಕದ ಹೊರೇಸ್ ಮೈನರ್ 1956ರಲ್ಲಿ ಬರೆದ ಒಂದು ಕಿರು ಬರಹವನ್ನು ಮೇಷ್ಟ್ರು ಕೊಟ್ಟಿದ್ದರು. ಬಾಯಿಯ ಶುದ್ಧಿಗಾಗಿ ವಿಚಿತ್ರ ಆಚರಣೆ ಮಾಡುವ, ಗೋಡೆಯ ಪೆಟ್ಟಿಗೆಯಲ್ಲಿ ಮಂತ್ರೌಷಧ ಇಟ್ಟು ಪೂಜಿಸುವ ಒಂದು ಬುಡಕಟ್ಟಿನ ವರ್ಣನೆ. ಓದುತ್ತಾ ಹೋದರೆ ಅದು ಅಮೆರಿಕದವರೇ, ಆಚರಣೆ ಹಲ್ಲುಜ್ಜುವುದು. ಅದನ್ನು ಓದಿ ನನಗೆ ಹುರುಪು ಬಂತು. ನಮ್ಮ ಕಾಲೇಜಿನ ಮೇಲೇ ಬರೆದೆ.

ಈ ಬುಡಕಟ್ಟಿಗೆ ಐದು ವರ್ಷಕ್ಕೊಮ್ಮೆ ಬಂದು ದರ್ಜೆ ಕೊಟ್ಟು ಹೋಗುವ ನ್ಯಾಕ್ ಎಂಬ ದೇವತೆಯ ಭಯ ಬಹಳ. ದೇವತೆ ಬರುವ ಮುನ್ನ ಗೋಡೆಗೆ ಸುಣ್ಣವಾಗುತ್ತದೆ. ಬಾಡಿಗೆಯ ಹೂಕುಂಡಗಳು ಬಂದು ಸಾಲಾಗಿ ನಿಲ್ಲುತ್ತವೆ, ಎರಡು ರಾತ್ರಿ ಕಳೆದು ಹಿಂದಿರುಗುತ್ತವೆ. ಹೆಣ್ಣುಮಕ್ಕಳ ಶೌಚಾಲಯದ ಬೀಗ ತೆರೆಯುತ್ತದೆ, ಇದು ಅತ್ಯಂತ ಪವಿತ್ರ ಘಳಿಗೆ. ಎಂದೂ ನಡೆಯದ ಸಂಘಗಳ ನಡಾವಳಿ ಪುಸ್ತಕಗಳು ಒಂದೇ ಕೈಬರಹದಲ್ಲಿ, ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಹುಟ್ಟುತ್ತವೆ. ಕುಂಭ ಹೊತ್ತ ಹುಡುಗಿಯರು, ಡೊಳ್ಳು ಹೊತ್ತ ಹುಡುಗರು ಗೇಟಿನಲ್ಲಿ ನಿಲ್ಲುತ್ತಾರೆ. ದೇವತೆ ಏನು ಕೇಳಿದರೆ ಏನು ಹೇಳಬೇಕೆಂದು ಮಕ್ಕಳಿಗೆ ಮೊದಲೇ ಬಾಯಿಪಾಠವಾಗಿರುತ್ತದೆ. ಜಗಳೂರಿನ ದೊಡ್ಡಪ್ಪನಿಗೂ ಪ್ರಾಂಶುಪಾಲರಿಗೂ ಇರುವ ವ್ಯತ್ಯಾಸ ಇಷ್ಟೇ, ದೊಡ್ಡಪ್ಪ ಕೋಟು ಹಾಕುವುದಿಲ್ಲ. ಈ ಬುಡಕಟ್ಟಿನಲ್ಲಿ ಎರಡು ಕುಲ: ಕಾಯಂ, ಅತಿಥಿ. ಇಬ್ಬರಿಗೂ ಒಂದೇ ಪಾಠ, ಕುರ್ಚಿ ಬೇರೆ. ಸಂಬಳದ ವಿಷಯ ಬರೆಯಲು ಮಾಹಿತಿದಾರರು ಒಪ್ಪಿಗೆ ನೀಡಲಿಲ್ಲ.

ಊರುಗಳ ಮೇಲೆ ಬರೆದಾಗ ಯಾರೂ ಕರೆಸಿರಲಿಲ್ಲ. ಇದಕ್ಕೆ ಕರೆಸಿದರು. ವಿಭಾಗದ ಮುಖ್ಯಸ್ಥರು ಎದುರಿಗೆ, ನಮ್ಮ ಮೇಷ್ಟ್ರು ನೆಲ ನೋಡುತ್ತಾ ಪಕ್ಕದಲ್ಲಿ. ಬರಹದಲ್ಲಿ ವಸ್ತುನಿಷ್ಠತೆ ಇಲ್ಲ, ಒಪ್ಪಿಗೆ ಪತ್ರ ಪಡೆದಿಲ್ಲ, ಸಂಸ್ಥೆಯ ಗೌಪ್ಯತೆಗೆ ಧಕ್ಕೆ ಎಂದರು. ಹೆಸರು ಬದಲಿಸಿದ್ದೇನೆ ಸಾರ್, ಸಂಸ್ಥೆ-ಅ ಅಂತ ಹಾಕಿದ್ದೇನೆ ಎಂದೆ. ಎಲ್ಲರಿಗೂ ಗೊತ್ತಾಗುತ್ತಲ್ಲ ಎಂದರು. ಹಳ್ಳಿಯವರ ಮಟ್ಟಿಗೆ ಈ ಅನುಮಾನ ಯಾರಿಗೂ ಬಂದಿರಲಿಲ್ಲ. ಅಡಿಕೆಯ ಪ್ರಬಂಧವನ್ನೇ ಕೊನೆಯ ನಿಯೋಜನೆಗೂ ಪರಿಗಣಿಸುವುದೆಂದು ತೀರ್ಮಾನವಾಯಿತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಹಿರಿಯರು, ಸಾತ್ವಿಕರು. ಪ್ರಬಂಧವನ್ನು ಕೈಯಲ್ಲಿ ತೂಗಿ ನೋಡಿದರು. ತೂಕ ಸರಿಯಿತ್ತು. ಪುಟ ಮಗುಚಲಿಲ್ಲ.

"ಯಾವೂರಮ್ಮ?"

ಹೇಳಿದೆ.

"ಅಲ್ಲಿ ಯಾರ ಮನೆ?"

ಹೇಳಿದೆ. ಅಜ್ಜನ ಹೆಸರನ್ನೂ ಕೇಳಿದರು. ನಮ್ಮವರೊಬ್ಬರ ಬೀಗರ ಕಡೆಯಿಂದ ಏನೋ ಸುತ್ತಿ ಬಳಸಿ ಗುರುತು ಹತ್ತಿತು. 60 ಪ್ರಶ್ನೆಯ ಸಮೀಕ್ಷೆ ಕಂಡುಕೊಳ್ಳುವುದೆಲ್ಲ ಮೂರಕ್ಕೆ ಮುಗಿಯಿತು. ಮುಖ ಅರಳಿತು. ಪೆನ್ನಿನ ಮುಚ್ಚಳ ತೆಗೆದು, ಅಂಕದ ಹಾಳೆ ಹತ್ತಿರ ಎಳೆದುಕೊಂಡು, ತೋಟ ಎಷ್ಟು ಎಕರೆ ಎಂದರು. ಆಮೇಲೆ ದನಿ ಸ್ವಲ್ಪ ಇಳಿಸಿ, "ಈ ಸಲ ಎಷ್ಟು ಕ್ವಿಂಟಲ್ ಆಯ್ತು?"

"ಎಲ್ಲಿಯ ಕ್ವಿಂಟಲ್ ಸಾರ್," ಎಂದೆ. "ಹರಳೆಲ್ಲ ಉದುರಿಹೋಯ್ತು. ಹೇಳ್ಕೊಳ್ಳೋ ಹಂಗಿಲ್ಲ."